ಮುಟ್ಟಿದರೂ ನುಡಿಯದ ಕಂಬ: ಸಾರ್ವಜನಿಕ ಧ್ವನಿ ಕಲಾಕೃತಿಗಳ ದೋಷ ಪತ್ತೆ

‘ಸೌಂಡ್ ಬರುತ್ತಿಲ್ಲ’ ಎಂಬ ದೂರಿಗೆ ಕನಿಷ್ಠ ನಾಲ್ಕು ಅರ್ಥಗಳಿವೆ. ಏನೂ ಕೇಳಿಸುತ್ತಿಲ್ಲ; ಕೇಳಿಸುತ್ತಿದೆ, ಆದರೆ ಮುಟ್ಟಿದ್ದಕ್ಕೂ ನುಡಿದದ್ದಕ್ಕೂ ಸಂಬಂಧವಿಲ್ಲ; ನುಡಿಯುತ್ತಿದೆ, ಆದರೆ ಮೊದಲಿನಂತಿಲ್ಲ; ದೂರು ಕೊಟ್ಟವರು ಬಂದಾಗ ನುಡಿಯಲಿಲ್ಲ, ಈಗ ನುಡಿಯುತ್ತಿದೆ. ನಾಲ್ಕಕ್ಕೂ ಕಾರಣ ಬೇರೆ, ಹುಡುಕುವ ದಾರಿಯೂ ಬೇರೆ. ಹಾಗಾಗಿ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಎರಡು ಪ್ರಶ್ನೆ ಕೇಳಿ: ಎಷ್ಟು ಹೊತ್ತಿನಲ್ಲಿ ಹೀಗಾಯಿತು? ಅದಕ್ಕೆ ಮುಂಚೆ ಮಳೆ ಬಂದಿತ್ತೇ? ಬಯಲಿನಲ್ಲಿ ನಿಂತ ಕಲಾಕೃತಿಗಳ ಬಹುಪಾಲು ದೋಷಗಳು ಗಡಿಯಾರಕ್ಕೋ ಹವಾಮಾನಕ್ಕೋ ಗಂಟುಬಿದ್ದಿರುತ್ತವೆ.

ಇಲ್ಲಿ ನಾನು ಗಮನದಲ್ಲಿಟ್ಟುಕೊಂಡಿರುವುದು ಈಗ ಹೆಚ್ಚಾಗಿ ಕಾಣುವ ಜೋಡಣೆಯನ್ನು. ಉದ್ಯಾನದ ನಡಿಗೆ ಹಾದಿಯಲ್ಲಿ ಲೋಹದ ಕೆಲವು ಕಂಬಗಳು. ಮುಟ್ಟಿದರೆ ಅಥವಾ ಹತ್ತಿರ ಬಂದರೆ ಸೆನ್ಸರ್‌ಗೆ ತಿಳಿಯುತ್ತದೆ. ಸೆನ್ಸರ್‌ನ ಸಂಕೇತವನ್ನು ಆರ್ಡುಯಿನೊ ಎಂಬ ಪುಟ್ಟ ಸರ್ಕ್ಯೂಟ್ ಬೋರ್ಡ್ ಓದಿ ರಾಸ್ಪ್‌ಬೆರಿ ಪೈ ಕಂಪ್ಯೂಟರ್‌ಗೆ ಕೊಡುತ್ತದೆ. ಅದರಲ್ಲಿ ಪ್ಯೂರ್ ಡೇಟಾದಂತಹ ತಂತ್ರಾಂಶ ಸ್ವರ ಹುಟ್ಟಿಸುತ್ತದೆ. ಅಲ್ಲಿಂದ ಆಂಪ್ಲಿಫೈಯರ್, ಅಲ್ಲಿಂದ ಸ್ಪೀಕರ್. ಬ್ರ್ಯಾಂಡ್ ಯಾವುದೇ ಇರಲಿ, ಸರಪಳಿ ಇದೇ.

ಅದು ನಿಜಕ್ಕೂ ದೋಷವೇ?

ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ ಮ್ಯಾಕ್ಸ್ ನ್ಯೂಹೌಸ್ 1977ರಲ್ಲಿ ಅಳವಡಿಸಿದ ಧ್ವನಿ ಕೃತಿ ಕಾಲುದಾರಿಯ ಕಬ್ಬಿಣದ ಜಾಲರಿಯ ಕೆಳಗಿದೆ. ಫಲಕವಿಲ್ಲ, ಹೆಸರಿಲ್ಲ. ಗಂಟೆಯ ಅನುರಣನದಂತಹ ಒಂದು ಗುಂಗು ನೆಲದಿಂದ ಏಳುತ್ತಿರುತ್ತದೆ. 1992ರಲ್ಲಿ ನಿಂತುಹೋಗಿ 2002ರಲ್ಲಿ ಮರಳಿ ನುಡಿಯತೊಡಗಿತು. ಮೆಟ್ರೊ ಯಂತ್ರದ ಸದ್ದೆಂದುಕೊಂಡು ಜನ ಅದರ ಮೇಲೆಯೇ ನಡೆದು ಹೋಗುತ್ತಾರೆ. ಅಲ್ಲಿಗೆ ಹೊಸದಾಗಿ ಬಂದ ತಂತ್ರಜ್ಞನಿಗೆ ಆ ಗುಂಗು ಅರ್ತಿಂಗ್ ಸಮಸ್ಯೆಯೆಂದು ತೋರಿದರೆ ಆಶ್ಚರ್ಯವಿಲ್ಲ. ಕ್ರೊಯೇಷಿಯಾದ ಜಾದರ್ ಪಟ್ಟಣದ ಸಮುದ್ರ ಆರ್ಗನ್ 2005ರದು. ದಡದ ಮೆಟ್ಟಿಲುಗಳಡಿಯ ಕೊಳವೆಗಳಿಗೆ ಅಲೆ ಗಾಳಿಯನ್ನು ತಳ್ಳಿದಾಗ ಮಾತ್ರ ಅದು ನುಡಿಯುತ್ತದೆ. ಕಡಲು ತಣ್ಣಗಿದ್ದ ದಿನ ಅದೂ ತಣ್ಣಗಿರುತ್ತದೆ. ಮಾಂಟ್ರಿಯಲ್‌ನಲ್ಲಿ 2011ರಲ್ಲಿ ಬಂದ 21 ಉಯ್ಯಾಲೆಗಳ ಕೃತಿಯಲ್ಲಿ ಕೆಲವು ರಾಗಗಳು ಹಲವರು ಒಟ್ಟಾಗಿ ಜೀಕಿದಾಗ ಮಾತ್ರ ಹೊರಬರುತ್ತವೆ. ಒಬ್ಬನೇ ಕೂತು ಪರೀಕ್ಷಿಸಿ ‘ಅರ್ಧ ಸ್ವರಗಳೇ ಇಲ್ಲ’ ಎಂದು ವರದಿ ಬರೆದರೆ ತಪ್ಪು ಕೃತಿಯದಲ್ಲ.

ಹಾಗಾಗಿ ಈ ಕೆಲಸದಲ್ಲಿ ಮಲ್ಟಿಮೀಟರ್‌ಗಿಂತ ಮುಖ್ಯವಾದದ್ದು ಸರಿಯಾಗಿ ನುಡಿಯುತ್ತಿದ್ದ ದಿನದ ದಾಖಲೆ. ಉದ್ಘಾಟನೆಯ ದಿನ ಎಲ್ಲರೂ ಫೋಟೊ ತೆಗೆಯುತ್ತಾರೆ. ಬೇಕಾದ ಫೋಟೊವನ್ನು ಯಾರೂ ತೆಗೆಯುವುದಿಲ್ಲ. ಆಂಪ್ಲಿಫೈಯರ್‌ನ ಗುಂಡಿಗಳು ಯಾವ ಗೆರೆಯಲ್ಲಿವೆ, ಯಾವ ಬಣ್ಣದ ತಂತಿ ಯಾವ ತಿರುಪಿನಡಿ ಹೋಗಿದೆ ಎಂಬ ಫೋಟೊ ಬೇಕು. ನೆಲದ ಮೇಲೆ ಗುರುತು ಮಾಡಿದ ಒಂದು ಜಾಗದಲ್ಲಿ ನಿಂತು ಮೊಬೈಲ್‌ನಲ್ಲಿ ಮಾಡಿದ ಧ್ವನಿಮುದ್ರಣ ಬೇಕು. ಪ್ರತಿ ಸ್ಪೀಕರ್‌ನ ಓಮ್ ಎಷ್ಟು, ವಿದ್ಯುತ್ ಪೂರೈಕೆಯ ವೋಲ್ಟ್ ಎಷ್ಟು, ಯಾರೂ ಮುಟ್ಟದಿದ್ದಾಗ ಮತ್ತು ಮುಟ್ಟಿದಾಗ ಪ್ರತಿ ಸೆನ್ಸರ್ ಕೊಡುವ ಅಂಕಿ ಎಷ್ಟು, ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳದ ಒಳಭಾಗಕ್ಕೆ ಅಂಟಿಸಿ. ಕ್ಲೌಡ್‌ನಲ್ಲಿ ಇಟ್ಟ ಕಡತ ಮಳೆಯಲ್ಲಿ ಕೊಡೆ ಹಿಡಿದು ನಿಂತವನಿಗೆ ಸಿಗುವುದಿಲ್ಲ. ಆ ಹಾಳೆ ಇಲ್ಲದೆ ಹೋದರೆ ಮುಂದಿನ ಪರೀಕ್ಷೆಗಳಲ್ಲಿ ಅರ್ಧದಷ್ಟು ಊಹೆಯ ಮೇಲೆಯೇ ನಡೆಯುತ್ತವೆ.

ಪೂರ್ತಿ ಮೌನ

ಕಲಾವಿದರ ಕಡೆಯ ಹುಡುಗರು ಬಂದರೆ ಮೊದಲು ಲ್ಯಾಪ್‌ಟಾಪ್ ತೆರೆಯುತ್ತಾರೆ. ತೆರೆಯಬೇಡಿ. ಚೆನ್ನಾಗಿ ನಡೆಯುತ್ತಿದ್ದ ಪ್ರೋಗ್ರಾಂ ಒಂದು ಬೆಳಿಗ್ಗೆ ತಾನಾಗಿ ಬದಲಾಗುವುದು ಅಪರೂಪ; ಕನೆಕ್ಟರ್‌ಗೆ ನೀರು ಇಳಿಯುವುದು ಅಪರೂಪವಲ್ಲ. ಸ್ಪೀಕರ್‌ನಿಂದ ಆರಂಭಿಸಿ ಹಿಂದಕ್ಕೆ ಬನ್ನಿ.

ಸರಪಳಿಯನ್ನು ಒಂದೇ ಏಟಿಗೆ ಎರಡು ತುಂಡು ಮಾಡುವ ಪರೀಕ್ಷೆ ಬಹಳ ಸುಲಭದ್ದು. ಆಂಪ್ಲಿಫೈಯರ್‌ನ ದನಿ ಪೂರ್ತಿ ಇಳಿಸಿ, ಕಂಪ್ಯೂಟರ್‌ನಿಂದ ಬರುವ ತಂತಿಯನ್ನು ಕಿತ್ತು, ಆ ಜಾಗಕ್ಕೆ ನಿಮ್ಮ ಮೊಬೈಲ್ ಸಿಕ್ಕಿಸಿ. ಯಾವುದಾದರೂ ಹಾಡು ಹಚ್ಚಿ ನಿಧಾನವಾಗಿ ದನಿ ಏರಿಸಿ. ಹಾಡು ಕೇಳಿಸಿದರೆ ಆಂಪ್ಲಿಫೈಯರ್, ಕೇಬಲ್, ಸ್ಪೀಕರ್ ಮೂರೂ ಸರಿ. ದೋಷ ಕಂಪ್ಯೂಟರ್ ಅಥವಾ ಸೆನ್ಸರ್ ಕಡೆಗಿದೆ. ಕೇಳಿಸದಿದ್ದರೆ ಪ್ರೋಗ್ರಾಂ ಬರೆದವರಿಗೆ ಫೋನ್ ಮಾಡುವ ಅಗತ್ಯವೇ ಇಲ್ಲ.

ಕೇಳಿಸಲಿಲ್ಲ ಎಂದುಕೊಳ್ಳೋಣ. ಆಂಪ್ಲಿಫೈಯರ್ ಆರಿಸಿ, ಸ್ಪೀಕರ್‌ಗೆ ಹೋಗುವ ಎರಡು ತಂತಿಗಳನ್ನು ಬಿಚ್ಚಿ ಮಲ್ಟಿಮೀಟರ್ ಇಡಿ. 8 ಓಮ್ ಸ್ಪೀಕರ್ ಸುಮಾರು 6 ಓಮ್ ತೋರಿಸಬೇಕು. ಅನಂತ ತೋರಿಸಿದರೆ ತಂತಿ ತುಂಡಾಗಿದೆ ಇಲ್ಲವೇ ಒಳಗಿನ ಸುರುಳಿ ಸುಟ್ಟಿದೆ. ಸೊನ್ನೆಯ ಹತ್ತಿರ ತೋರಿಸಿದರೆ ಎಲ್ಲೋ ಎರಡು ತಂತಿ ಕೂಡಿಕೊಂಡಿವೆ. ಮೀಟರ್ ಇಲ್ಲದಿದ್ದರೆ ಒಂದೂವರೆ ವೋಲ್ಟ್‌ನ ಸೆಲ್ ಸಾಕು. ಆ ಎರಡು ತಂತಿಗಳ ತುದಿಗೆ ಸೆಲ್‌ನ ಎರಡು ಕೊನೆಗಳನ್ನು ಕ್ಷಣಮಾತ್ರ ತಾಗಿಸಿ ತೆಗೆಯಿರಿ. ಕಂಬದ ಬಳಿ ನಿಂತ ಸಹಾಯಕನಿಗೆ ‘ಟಪ್’ ಎಂದು ಕೇಳಿಸಿದರೆ ಕೇಬಲ್‌ನಿಂದ ಸ್ಪೀಕರ್ ಕಾಗದದವರೆಗೆ ಎಲ್ಲವೂ ಜೀವಂತ. ಕೆಲವು ಕಡೆ 100 ವೋಲ್ಟ್ ಲೈನ್ ಬಳಸಿರುತ್ತಾರೆ, ಅಂದರೆ ಪ್ರತಿ ಸ್ಪೀಕರ್‌ಗೂ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅಲ್ಲಿ ಮಲ್ಟಿಮೀಟರ್‌ನ ಓಮ್ ನಂಬಬೇಡಿ, ಅದು ಟ್ರಾನ್ಸ್‌ಫಾರ್ಮರ್‌ನ ತಂತಿಯನ್ನಷ್ಟೇ ಅಳೆಯುತ್ತದೆ. ಎಸಿ ಸಂಕೇತಕ್ಕೆ ಒಡ್ಡುವ ತಡೆಯನ್ನು ಅಳೆಯುವ ಇಂಪೀಡೆನ್ಸ್ ಮೀಟರ್ ಬೇಕು. ಒಟ್ಟು 60 ವ್ಯಾಟ್ ಭಾರವಿರುವ ಲೈನ್ ಸುಮಾರು 167 ಓಮ್ ತೋರಬೇಕು. ಅದಕ್ಕಿಂತ ತೀರ ಕಡಿಮೆ ಬಂದರೆ ಯಾರೋ ಒಂದು ಸ್ಪೀಕರ್ ಹೆಚ್ಚಿಗೆ ಸೇರಿಸಿದ್ದಾರೆ ಅಥವಾ ಟ್ರಾನ್ಸ್‌ಫಾರ್ಮರ್‌ನಲ್ಲಿ ವ್ಯಾಟ್ ಆರಿಸುವ ಟ್ಯಾಪ್ ಬದಲಿಸಿದ್ದಾರೆ.

ಸ್ಪೀಕರ್‌ನ ಬಾಯಿಯನ್ನೂ ನೋಡಿ. ಕಡಜಗಳು ಹಾರ್ನ್‌ನ ಕೊರಳಿನಲ್ಲಿ ಮಣ್ಣಿನ ಗೂಡು ಕಟ್ಟುತ್ತವೆ. ಇರುವೆಗಳಿಗೆ ರಿಲೇ ಮೇಲೆ ವಿಶೇಷ ಪ್ರೀತಿ. ಹಲ್ಲಿಯೊಂದು ಎರಡು ಟರ್ಮಿನಲ್‌ಗಳ ನಡುವೆ ಪ್ರಾಣ ಬಿಟ್ಟು ಫ್ಯೂಸ್ ಹಾರಿಸಿದ್ದನ್ನು ಈ ಕಸುಬಿನಲ್ಲಿರುವ ಯಾರನ್ನು ಕೇಳಿದರೂ ಹೇಳುತ್ತಾರೆ.

ಮೊಬೈಲ್ ಪರೀಕ್ಷೆಯಲ್ಲಿ ಹಾಡು ಬಂದಿದ್ದರೆ ಮಾತ್ರ ಈಗ ಕಂಪ್ಯೂಟರ್ ಕಡೆಗೆ. ರಾಸ್ಪ್‌ಬೆರಿ ಪೈ 3 ಅಥವಾ 4ರಲ್ಲಿ ಕೆಂಪು ದೀಪ ಉರಿಯುತ್ತಿದ್ದು ಹಸಿರು ಮಿಣುಕದಿದ್ದರೆ ಮೆಮೊರಿ ಕಾರ್ಡ್ ಓದಲಾಗುತ್ತಿಲ್ಲ. ಉದ್ಯಾನದ ದೀಪಗಳ ಜತೆಗೇ ಕಲಾಕೃತಿಯ ಕರೆಂಟನ್ನೂ ದಿನಾ ರಾತ್ರಿ ಆರಿಸುವ ಕಡೆ ಇದು ಮಾಮೂಲು. ಕಾರ್ಡ್‌ಗೆ ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಕಡತ ವ್ಯವಸ್ಥೆ ಕೆಡುತ್ತದೆ. ಹೊಸ ಕಾರ್ಡ್ ಹಾಕಿದರೆ ಇಂದಿನ ಕೆಲಸ ಮುಗಿಯುತ್ತದೆ, ಮುಂದಿನ ತಿಂಗಳು ಮತ್ತೆ ಕರೆ ಬರುತ್ತದೆ. ವ್ಯವಸ್ಥೆಯನ್ನು ಓದಲು ಮಾತ್ರ ಎಂಬ ಸ್ಥಿತಿಗೆ ತರುವ ಓವರ್‌ಲೇ ಆಯ್ಕೆ ಅದರ ಸೆಟ್ಟಿಂಗ್ಸ್‌ನಲ್ಲೇ ಇದೆ, ಅದನ್ನು ಹಾಕಿ.

ಇನ್ನೊಂದು ತುಂಟ ದೋಷವಿದೆ. ದೀಪಗಳೆಲ್ಲ ಸರಿ, ಪ್ರೋಗ್ರಾಂ ನಡೆಯುತ್ತಿದೆ, ಪರದೆಯ ಮೇಲೆ ಸ್ವರದ ಅಲೆ ಕುಣಿಯುತ್ತಿದೆ, ಸದ್ದಿಲ್ಲ. ಮರುಚಾಲನೆಯಾದಾಗ ಯುಎಸ್‌ಬಿ ಸೌಂಡ್ ಕಾರ್ಡ್‌ನ ಸಂಖ್ಯೆ ಬದಲಾಗಿ, ಸ್ವರವೆಲ್ಲ ಯಾರೂ ನೋಡದ ಎಚ್‌ಡಿಎಂಐ ಕಿಂಡಿಗೆ ಹೋಗುತ್ತಿರುತ್ತದೆ. ಕಾರ್ಡನ್ನು ಸಂಖ್ಯೆಯಿಂದ ಕರೆಯದೆ ಹೆಸರಿನಿಂದ ಕರೆಯುವಂತೆ ಬರೆದರೆ ಇದು ಮತ್ತೆ ಕಾಡುವುದಿಲ್ಲ.

ಗಡಿಯಾರವನ್ನೂ ಅನುಮಾನಿಸಿ. ರಾಸ್ಪ್‌ಬೆರಿ ಪೈ 4ರವರೆಗಿನ ಮಾದರಿಗಳಲ್ಲಿ ಬ್ಯಾಟರಿ ಗಡಿಯಾರವಿಲ್ಲ. ಇಂಟರ್ನೆಟ್ ಇಲ್ಲದ ಕಡೆ ಕರೆಂಟ್ ಹೋಗಿ ಬಂದರೆ ಅದು ಹಿಂದೆ ಉಳಿಸಿಕೊಂಡ ಸಮಯದಿಂದಲೇ ಎಣಿಕೆ ಮುಂದುವರಿಸುತ್ತದೆ. ರಾತ್ರಿ ಹತ್ತಕ್ಕೆ ಸುಮ್ಮನಾಗಬೇಕು ಎಂದು ಬರೆದಿದ್ದ ಕೃತಿ ಮಟಮಟ ಮಧ್ಯಾಹ್ನ ಮೌನ ತಾಳಿ, ನಡುರಾತ್ರಿ ಹಾಡಲು ಶುರುಮಾಡುತ್ತದೆ. ಅಗ್ಗದ ಗಡಿಯಾರ ಮಾಡ್ಯೂಲ್ ಒಂದನ್ನು ಸೇರಿಸಿದರೆ ತೀರಿತು.

ವೋಲ್ಟ್ ಸೋರಿಕೆ

ದೊಡ್ಡ ಸ್ವರ ಬಂದಾಗಲೆಲ್ಲ ಕಂಪ್ಯೂಟರ್ ಮರುಚಾಲನೆಯಾದರೆ ಕಾರಣ ಬೇರೆಲ್ಲೂ ಹುಡುಕಬೇಡಿ. 5 ವೋಲ್ಟ್ ಅನ್ನು ದೂರಕ್ಕೆ ಕಳುಹಿಸಿದ್ದಾರೆ. ಒಂದು ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ 40 ಮೀಟರ್ ಹೋಗಿ ಬರುವಷ್ಟರಲ್ಲಿ ಸುಮಾರು 1.4 ಓಮ್ ತಡೆ. ಒಂದು ಆಂಪಿಯರ್ ಹರಿದರೆ ಅಷ್ಟೇ ವೋಲ್ಟ್ ದಾರಿಯಲ್ಲೇ ಕರಗುತ್ತದೆ. ರಾಸ್ಪ್‌ಬೆರಿ ಪೈ 4.63 ವೋಲ್ಟ್‌ಗಿಂತ ಕೆಳಗಿಳಿದರೆ ದೂರತೊಡಗುತ್ತದೆ, ಅದಕ್ಕೆ ಸಿಗುತ್ತಿರುವುದು 3.6. ಕಂಬದವರೆಗೆ 24 ವೋಲ್ಟ್ ಒಯ್ದು, ಅಲ್ಲೇ ಪರಿವರ್ತಕ ಇಟ್ಟು 5ಕ್ಕೆ ಇಳಿಸಿ. ಅಳೆಯುವಾಗ ಸುಮ್ಮನಿರುವಾಗಿನ ವೋಲ್ಟ್ ಅಳೆದು ಸಮಾಧಾನಪಡಬೇಡಿ. ಸ್ಪೀಕರ್ ಜೋರಾಗಿ ನುಡಿಯುತ್ತಿರುವಾಗ ಅಳೆಯಿರಿ.

ತಾನಾಗಿಯೇ ನುಡಿಯುವ ಕಂಬ

ಯಾರೂ ಇಲ್ಲದಿದ್ದಾಗ ನುಡಿದರೆ ಕಾವಲುಗಾರರು ದೆವ್ವದ ಕಥೆ ಕಟ್ಟುತ್ತಾರೆ. ಕಾರಣ ಬಹುತೇಕ ನೀರು. ಸ್ಪರ್ಶ ಸೆನ್ಸರ್ ಅಳೆಯುವುದು ಲೋಹಕ್ಕೂ ಭೂಮಿಗೂ ನಡುವಿನ ಕೆಪಾಸಿಟೆನ್ಸನ್ನು, ಅಂದರೆ ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯವನ್ನು. ಮನುಷ್ಯನ ಕೈ ಅದನ್ನು ಹೆಚ್ಚಿಸುತ್ತದೆ. ಕಂಬದ ಮೈಮೇಲಿಂದ ಬುಡದ ಕಾಂಕ್ರೀಟಿನವರೆಗೆ ಹರಡಿದ ಮಳೆನೀರಿನ ಪೊರೆಯೂ ಹೆಚ್ಚಿಸುತ್ತದೆ. ಪರೀಕ್ಷೆ ಹೀಗೆ: ಒಣಗಿದ ಕಂಬದ ಅಂಕಿ ನೋಡಿ, ಸ್ಪ್ರೇ ಬಾಟಲಿಯಿಂದ ಮೇಲ್ಭಾಗಕ್ಕೆ ಮಾತ್ರ ನೀರು ಹೊಡೆಯಿರಿ. ಅಂಕಿ ಸ್ವಲ್ಪ ಅಲುಗಿ ನಿಲ್ಲುತ್ತದೆ. ಈಗ ಬುಡಕ್ಕೆ ಹೊಡೆಯಿರಿ. ಅಂಕಿ ಮುಟ್ಟಿದಷ್ಟೇ ಜೋರಾಗಿ ಜಿಗಿದರೆ ತಪ್ಪು ಬುಡದ ನಿರೋಧಕದಲ್ಲಿದೆ: ಕಂಬದ ಬೋಲ್ಟ್ ಅಡಿಪಾಯದ ಸರಳನ್ನು ತಾಗುತ್ತಿರಬಹುದು, ರಬ್ಬರ್ ಹಾಸು ತೆಳುವಾಗಿರಬಹುದು. ಪ್ರೋಗ್ರಾಂನಲ್ಲಿ ಮಿತಿ ಏರಿಸಿ ಮುಚ್ಚಿಹಾಕಿದರೆ ಬೇಸಿಗೆಯಲ್ಲಿ ಒಣಗೈಯ ಮಕ್ಕಳಿಗೆ ಕಂಬ ಉತ್ತರ ಕೊಡುವುದಿಲ್ಲ.

ಇದರ ತಿರುವುಮುರುವು ದೋಷವೂ ಇದೆ. ಹಲವು ಸ್ಪರ್ಶ ಚಿಪ್‌ಗಳು ಶಕ್ತಿ ಬಂದ ಕ್ಷಣದ ಅಂಕಿಯನ್ನೇ ‘ಯಾರೂ ಮುಟ್ಟಿಲ್ಲ’ ಎಂದು ನೆನಪಿಟ್ಟುಕೊಳ್ಳುತ್ತವೆ. ಆಗ ಯಾರಾದರೂ ಕಂಬಕ್ಕೆ ಒರಗಿದ್ದರೆ, ಅಥವಾ ಸೈಕಲ್ಲಿಗೆ ಸರಪಳಿ ಹಾಕಿ ಕಂಬಕ್ಕೆ ಬಿಗಿದಿದ್ದರೆ, ಆ ಕಂಬ ದಿನವಿಡೀ ಕಿವುಡು. ಶಕ್ತಿ ಆರಿಸಿ, ಸೈಕಲ್ ಬಿಡಿಸಿ, ಮತ್ತೆ ಹಚ್ಚಿ.

ಚಿಪ್ ಎಲ್ಲಿದೆ ಎಂಬುದೂ ಮುಖ್ಯ. ಎಂಪಿಆರ್121ರಂತಹ ಚಿಪ್‌ಗಳು ಕಂಪ್ಯೂಟರ್ ಜತೆ ಮಾತನಾಡುವ ಐ2ಸಿ ತಂತಿಯ ಕೆಪಾಸಿಟೆನ್ಸ್‌ಗೆ 400 ಪಿಕೊಫ್ಯಾರಡ್ ಮಿತಿ. ಸಾಮಾನ್ಯ ಕೇಬಲ್ ಮೀಟರಿಗೆ 50ರಿಂದ 100 ಪಿಕೊಫ್ಯಾರಡ್ ತಿನ್ನುತ್ತದೆ. ಲೆಕ್ಕ ನೀವೇ ಹಾಕಿ. ಹತ್ತು ಮೀಟರ್ ಆಚೆಯ ಕಂಬದ ಸೆನ್ಸರ್ ಆಗಾಗ ಕಾಣೆಯಾಗುವುದಕ್ಕೆ ಇಷ್ಟೇ ಕಾರಣ. ಚಿಪ್ಪನ್ನೂ ಒಂದು ಸಣ್ಣ ಆರ್ಡುಯಿನೊವನ್ನೂ ಕಂಬದೊಳಗೇ ಇಟ್ಟು, ಅಲ್ಲಿಂದ ದೂರಕ್ಕೂ ಸಂಕೇತ ಒಯ್ಯಬಲ್ಲ ಆರ್‌ಎಸ್485 ಮೂಲಕ ತನ್ನಿ.

ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ಬಳಸಿದ್ದರೆ, ಒಂದರ ಕೂಗು ಇನ್ನೊಂದರ ಕಿವಿಗೆ ಬೀಳುತ್ತಿರಬಹುದು. ಒಂದನ್ನು ಬಿಟ್ಟು ಉಳಿದವುಗಳ ತಂತಿ ಕಿತ್ತು ನೋಡಿ. ದೆವ್ವ ಓಡಿದರೆ ಅದೇ. ಎಚ್‌ಸಿ-ಎಸ್‌ಆರ್04 ಮಾದರಿಗೆ ಎರಡು ಅಳತೆಗಳ ನಡುವೆ 60 ಮಿಲಿಸೆಕೆಂಡ್ ಬಿಡುವು ಬೇಕು. ಎಂಟನ್ನು ಒಂದಾದ ಮೇಲೊಂದರಂತೆ ಕೂಗಿಸಿದರೆ ಸುತ್ತು ಮುಗಿಯಲು ಸುಮಾರು ಅರ್ಧ ಸೆಕೆಂಡ್, ಅದು ತೀರ ನಿಧಾನ. ಒಂದಕ್ಕೊಂದು ಕೇಳಿಸದಷ್ಟು ದೂರವಿರುವವುಗಳನ್ನು ಜೋಡಿ ಮಾಡಿ ಒಟ್ಟಿಗೆ ಕೂಗಿಸಿ.

ಮಧ್ಯಾಹ್ನದ ಕಾಯಿಲೆ

ಬೆಳಿಗ್ಗೆ ಸರಿ, ಸಂಜೆ ಸರಿ, ಎರಡು ಗಂಟೆಗೆ ಕೆಡುತ್ತದೆ. ಬಳ್ಳಾರಿ, ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಈ ದೂರು ಬಂದೇ ಬರುತ್ತದೆ ಎಂದು ಇಟ್ಟುಕೊಳ್ಳಿ.

ಅಗ್ಗದ ಪಿಐಆರ್ ಸೆನ್ಸರ್ ಮನುಷ್ಯನನ್ನು ಗುರುತಿಸುವುದು ಮೈಯ ಶಾಖಕ್ಕೂ ಹಿನ್ನೆಲೆಯ ಶಾಖಕ್ಕೂ ಇರುವ ವ್ಯತ್ಯಾಸದಿಂದ. ಹಿನ್ನೆಲೆಯ ಕಲ್ಲುಗೋಡೆಯೇ 36 ಡಿಗ್ರಿಗೆ ಕಾದಾಗ ಅದರ ಮುಂದೆ ನಡೆದವನು ಸೆನ್ಸರ್ ಕಣ್ಣಿಗೆ ಅದೃಶ್ಯ. ದುರಸ್ತಿ ಮಾಡಲು ಇಲ್ಲಿ ಏನೂ ಕೆಟ್ಟಿಲ್ಲ; ಸೆನ್ಸರ್ ಆಯ್ಕೆಯೇ ತಪ್ಪು. ಬಿಸಿಲಿನ ಊರಿಗೆ ರೇಡಾರ್ ಮಾದರಿಯದು ವಾಸಿ.

ಅಲ್ಟ್ರಾಸಾನಿಕ್‌ನದು ಇನ್ನೂ ಸ್ವಾರಸ್ಯಕರ. 20 ಡಿಗ್ರಿಯಲ್ಲಿ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. 38 ಡಿಗ್ರಿಯಲ್ಲಿ ಸುಮಾರು 354. ಪ್ರೋಗ್ರಾಂ ಬರೆದವರು 343 ಎಂದೇ ಬರೆದಿದ್ದರೆ, ಎದುರಿನ 2 ಮೀಟರ್ ದೂರದ ಗೋಡೆ ಮಧ್ಯಾಹ್ನ 1.94 ಮೀಟರ್‌ಗೆ ಬಂದು ನಿಂತಂತೆ ಅದಕ್ಕೆ ತೋರುತ್ತದೆ. 1.95ಕ್ಕಿಂತ ಹತ್ತಿರ ಏನಾದರೂ ಬಂದರೆ ನುಡಿ ಎಂದು ಹೇಳಿದ್ದರೆ? ಗೋಡೆಯೇ ಬಂದಿದೆ ಎಂದು ಕೃತಿ ಬಿಸಿಲಿಡೀ ಹಾಡುತ್ತದೆ. ಪೆಟ್ಟಿಗೆಯ ಹೊರಗೆ ನೆರಳಿನಲ್ಲಿ ಒಂದು ಉಷ್ಣತಾ ಸೆನ್ಸರ್ ಇಟ್ಟು ವೇಗ ತಿದ್ದಿಕೊಳ್ಳಿ, ಅಥವಾ ಮಿತಿಯನ್ನು 1.7ಕ್ಕೆ ಇಳಿಸಿ. ನಾನಾದರೆ ಎರಡನೆಯದನ್ನೇ ಮಾಡುತ್ತೇನೆ. ಹೊಸ ಸೆನ್ಸರ್ ಎಂದರೆ ಕೆಡಲು ಹೊಸದೊಂದು ಜಾಗ.

ಮೂರನೆಯದು ಪೆಟ್ಟಿಗೆಯೊಳಗಿನ ಕಂಪ್ಯೂಟರ್. 80 ಡಿಗ್ರಿ ತಲುಪಿದಾಗ ರಾಸ್ಪ್‌ಬೆರಿ ಪೈ ತನ್ನ ವೇಗ ತಗ್ಗಿಸಿಕೊಳ್ಳುತ್ತದೆ. ಸ್ವರ ಆಗ ನಿಲ್ಲುವುದಿಲ್ಲ, ಬಿಟ್ಟುಬಿಟ್ಟು ಕೊರಕೊರ ಎನ್ನುತ್ತದೆ. ಜನ ಸ್ಪೀಕರ್ ಹರಿದಿದೆ ಎನ್ನುತ್ತಾರೆ. ಪೆಟ್ಟಿಗೆಗೆ ಬಿಳಿ ಬಣ್ಣ ಬಳಿದು ಮೇಲೆ ಒಂದು ಅಂಗುಲ ಬಿಟ್ಟು ತಗಡಿನ ನೆರಳು ಕಟ್ಟಿ. ಫ್ಯಾನ್ ಹಾಕುವುದಕ್ಕಿಂತ ಇದು ಮೇಲು, ಏಕೆಂದರೆ ಫ್ಯಾನ್ ದೂಳನ್ನೂ ಒಳಗೆಳೆಯುತ್ತದೆ.

ಗುಂಯ್‌ಗುಡುವಿಕೆ

ಮೊಬೈಲ್‌ನಲ್ಲಿ ಆವರ್ತನ ತೋರಿಸುವ ಆ್ಯಪ್ ಒಂದು ಇರಲಿ. ಅದರಲ್ಲಿ 50 ಹರ್ಟ್ಸ್‌ನ ಗೆರೆ ಎದ್ದರೆ ಕಾರಣ ಅರ್ತ್ ಲೂಪ್ (ಎರಡು ಕಡೆ ಅರ್ತ್ ಆಗಿ ತಂತಿಗಳು ಸುತ್ತು ಹಾಕಿರುವುದು) ಅಥವಾ ಸಿಗ್ನಲ್ ಕೇಬಲ್ ವಿದ್ಯುತ್ ಕೇಬಲ್‌ಗೆ ಅಂಟಿಕೊಂಡು ಹೋಗಿರುವುದು. 100 ಹರ್ಟ್ಸ್ ಎದ್ದರೆ ಪವರ್ ಸಪ್ಲೈನ ಕೆಪಾಸಿಟರ್ ಒಣಗಿದೆ. ಅದರ ಆಯುಸ್ಸು ಹತ್ತು ಡಿಗ್ರಿ ಶಾಖ ಏರಿದರೆ ಅರ್ಧವಾಗುತ್ತದೆ, ಬಿಸಿಲ ಪೆಟ್ಟಿಗೆಯಲ್ಲಿ ಬೇಗ ಸಾಯುವುದು ಸಹಜ. ಅರ್ತ್ ಲೂಪ್ ಆಗಿದ್ದರೆ ಸಿಗ್ನಲ್ ದಾರಿಯಲ್ಲಿ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ.

ಪ್ಲಗ್‌ನ ಅರ್ತ್ ಕಾಲನ್ನು ಕತ್ತರಿಸಿ ಗುಂಯ್ ನಿಲ್ಲಿಸುವ ಸೌಂಡ್ ಸಿಸ್ಟಂನವರ ಪರಿಪಾಠ ಇಲ್ಲಿ ಸಲ್ಲದು. ಇದು ಒದ್ದೆ ಕೈಯ ಮಕ್ಕಳು ತಬ್ಬಿಕೊಳ್ಳುವ ಲೋಹ. ಅದೇ ರೀತಿ ವಿದ್ಯುತ್ ಸೋರಿದರೆ ಬೀಳುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಪದೇ ಪದೇ ಬೀಳುತ್ತಿದೆ ಎಂದು ಅದನ್ನು ತೆಗೆದು, ಹೆಚ್ಚು ಕರೆಂಟ್ ಹರಿದರಷ್ಟೇ ಬೀಳುವ ಎಂಸಿಬಿ ಹಾಕಿ ಹೋಗುವವರಿದ್ದಾರೆ. ಅದು ಬೀಳುತ್ತಿರುವುದೇ ನಿಮಗೆ ಸಿಕ್ಕಿರುವ ಸುಳಿವು. ಒಂದೊಂದೇ ಪವರ್ ಸಪ್ಲೈ ಕಿತ್ತು ಯಾವುದು ಸೋರುತ್ತಿದೆ ಎಂದು ಹುಡುಕಿ. ಸಿಗುವವರೆಗೆ ಕೃತಿ ಆರಿಸಿರಲಿ.

ತೆಳುವಾದ ಸ್ವರ, ತಡವಾದ ಸ್ವರ

ಬೆಂಚು ಅಥವಾ ಮೆಟ್ಟಿಲನ್ನು ತಟ್ಟಿದ ಸದ್ದನ್ನೇ ಹಿಗ್ಗಿಸುವ ಕೃತಿಗಳಲ್ಲಿ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಜೊ ಬಿಲ್ಲೆ ಅಂಟಿಸಿರುತ್ತಾರೆ. ತಟ್ಟಿದರೆ ಮರದ ಗುಂಡನೆಯ ನಾದದ ಬದಲು ತಗಡಿನ ಕೀರಲು ಬಂದರೆ, ಬಿಲ್ಲೆಯನ್ನು ನೇರವಾಗಿ 10 ಕಿಲೊಓಮ್‌ನ ಸಾಮಾನ್ಯ ಲೈನ್ ಕಿಂಡಿಗೆ ಚುಚ್ಚಿದ್ದಾರೆ. 20 ನ್ಯಾನೊಫ್ಯಾರಡ್‌ನ ಬಿಲ್ಲೆ ಅಷ್ಟು ಕಡಿಮೆ ತಡೆಗೆ ಸೇರಿದಾಗ ಸುಮಾರು 800 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಸೋರಿಹೋಗುತ್ತದೆ. ಒಂದು ಮೆಗಾಓಮ್ ತಡೆಯ ಪ್ರಿಆಂಪ್ ಇಟ್ಟರೆ ಆ ಮಿತಿ 8 ಹರ್ಟ್ಸ್‌ಗೆ ಇಳಿದು ಮರ ಮರಳಿ ಮರದಂತೆ ನುಡಿಯುತ್ತದೆ. ಮೊದಲು ಚೆನ್ನಾಗಿದ್ದು ಆಮೇಲೆ ಕೆಟ್ಟಿದ್ದರೆ ಮಲ್ಟಿಮೀಟರ್‌ನ ಕೆಪಾಸಿಟರ್ ಸ್ಥಾನದಲ್ಲಿ ಬಿಲ್ಲೆಯನ್ನು ಅಳೆಯಿರಿ. ಅಂಟಿಸಿದ ದಿನದ ಅಂಕಿಯ ಅರ್ಧವಾಗಿದ್ದರೆ ಬಿಲ್ಲೆ ಬಿರಿದಿದೆ. ಸಾರ್ವಜನಿಕರು ಬೆರಳಿನಿಂದ ತಟ್ಟುತ್ತಾರೆ ಎಂದು ಕಲಾವಿದರು ನಂಬುತ್ತಾರೆ. ಸಾರ್ವಜನಿಕರು ಕಲ್ಲಿನಿಂದ ತಟ್ಟುತ್ತಾರೆ. ಹಂಪಿಯ ವಿಜಯ ವಿಠ್ಠಲ ದೇವಾಲಯದ ಸಂಗೀತ ಕಂಬಗಳನ್ನು ಈಗ ಯಾರೂ ತಟ್ಟುವಂತಿಲ್ಲ ಎಂಬುದನ್ನು ನೆನೆದರೆ, ಕಲ್ಲಿಗೇ ತಾಳಲಾಗದ್ದು ಅರ್ಧ ಮಿಲಿಮೀಟರ್ ಬಿಲ್ಲೆಗೆ ತಾಳೀತೇ?

ತಡವಾಗಿ ನುಡಿಯುವುದಕ್ಕೆ ಹೆಚ್ಚು ಹುಡುಕಾಟ ಬೇಡ. ಬ್ಲೂಟೂತ್ ಸ್ಪೀಕರ್ ಇದ್ದರೆ ಕಿತ್ತು ತಂತಿ ಎಳೆಯಿರಿ. ಇಲ್ಲದಿದ್ದರೆ ಬಫರ್, ಅಂದರೆ ಸ್ವರವನ್ನು ಹೊರಬಿಡುವ ಮೊದಲು ಕಂಪ್ಯೂಟರ್ ಕೂಡಿಟ್ಟುಕೊಳ್ಳುವ ಪ್ರಮಾಣ, ನೋಡಿ: 44,100ರ ದರದಲ್ಲಿ 2048 ಸ್ಯಾಂಪಲ್ ಎಂದರೆ 46 ಮಿಲಿಸೆಕೆಂಡ್, 256 ಎಂದರೆ 6. ಸ್ಪೀಕರ್ 10 ಮೀಟರ್ ದೂರವಿದ್ದರೆ ಗಾಳಿಯೇ 29 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ, ಅದನ್ನು ಯಾವ ಪ್ರೋಗ್ರಾಂ ಕೂಡ ತಿದ್ದಲಾರದು.

ದನಿ ತಾನಾಗಿ ಇಳಿದಿದ್ದರೆ ಗುಂಡಿಯ ಫೋಟೊದೊಂದಿಗೆ ಹೋಲಿಸಿ. ಪಕ್ಕದ ಮನೆಯವರು ಹೇಳಿ ಇಳಿಸಿರುತ್ತಾರೆ. ಅವರ ಕಡೆಗೂ ನ್ಯಾಯವಿದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್ ಮಿತಿ. ಆಸ್ಪತ್ರೆ, ಶಾಲೆಗಳ ಸುತ್ತಲಿನ ನಿಶ್ಶಬ್ದ ವಲಯದಲ್ಲಿ ಅದಕ್ಕಿಂತ 5 ಕಡಿಮೆ. ಮನೆಯ ಗೇಟಿನ ಬಳಿ ನಿಂತು ಅಳೆದು ಹೊಸ ಗೆರೆ ಹಾಕಿ, ಹೊಸ ಫೋಟೊ ತೆಗೆದು ಮುಚ್ಚಳದಲ್ಲಿ ಅಂಟಿಸಿ.

ನೀವು ಹೋದಾಗ ಸರಿಯಿರುವ ದೋಷ

ಕೊನೆಯದು, ಎಲ್ಲಕ್ಕಿಂತ ಹಠಮಾರಿ. ಇಂಥದರಲ್ಲಿ ಬಿಡಿಭಾಗ ಬದಲಿಸುವುದು ದುಡ್ಡು ಸುರಿಯುವ ಕೆಲಸ. ಪ್ರೋಗ್ರಾಂ ಪ್ರತಿ ನಿಮಿಷ ವೋಲ್ಟ್, ಉಷ್ಣತೆ, ಪ್ರತಿ ಸೆನ್ಸರ್‌ನ ಅಂಕಿ ಬರೆದಿಡುವಂತೆ ಮಾಡಿ. ಕಾರ್ಡನ್ನು ಓದಲು ಮಾತ್ರ ಎಂದು ಮಾಡಿದ್ದರೆ ಇದಕ್ಕೆ ಬೇರೆ ಪೆನ್‌ಡ್ರೈವ್ ಬೇಕು. ಕಾವಲುಗಾರರಿಗೆ ಒಂದು ನೋಟ್‌ಬುಕ್ ಕೊಟ್ಟು ನಿಂತ ಹೊತ್ತನ್ನು ಮಾತ್ರ ಬರೆಯಲು ಹೇಳಿ, ಕಾರಣ ಬರೆಯುವುದು ಬೇಡ. ಎರಡನ್ನೂ ಪಕ್ಕಪಕ್ಕ ಇಟ್ಟಾಗ, ಎಲ್ಲ ಕಂಬಗಳೂ ಒಟ್ಟಿಗೆ ಸತ್ತಿದ್ದರೆ ವಿದ್ಯುತ್ ಅಥವಾ ಕಂಪ್ಯೂಟರ್. ಒಂದೇ ಸತ್ತಿದ್ದರೆ ಆ ಕಂಬದ ಕನೆಕ್ಟರ್.

ಆ ಕನೆಕ್ಟರ್ ಬಿಚ್ಚಿ ಹಗಲು ಬೆಳಕಿನಲ್ಲಿ ನೋಡಿ. ತಾಮ್ರದ ಮೇಲೆ ಹಸಿರು ಕಿಲುಬು ಇದ್ದರೆ ನೀರು ಹೇಗೆ ಬಂತು ಎಂದು ಮೊದಲು ಕಂಡುಹಿಡಿಯಿರಿ, ಆಮೇಲೆ ಉಜ್ಜಿ. ಬಹಳ ಸಲ ಅದು ಹೊರಗಿನಿಂದ ಹನಿಯುವುದೇ ಇಲ್ಲ: ಹಗಲು ಕಾದ ಪೆಟ್ಟಿಗೆ ರಾತ್ರಿ ತಣಿಯುವಾಗ ತೇವದ ಗಾಳಿಯನ್ನು ಕೇಬಲ್ ಸಂದಿನಿಂದ ಒಳಗೆಳೆದುಕೊಳ್ಳುತ್ತದೆ, ಆ ತೇವವೇ ಮುಚ್ಚಳದಡಿ ಹನಿಗಟ್ಟುತ್ತದೆ. ಇದಕ್ಕೆ ಇನ್ನಷ್ಟು ಸಿಲಿಕೋನ್ ಮೆತ್ತಿದರೆ ಒಳಗಿನ ನೀರು ಹೊರಹೋಗಲಾರದೆ ಅಲ್ಲೇ ಉಳಿಯುತ್ತದೆ. ಕೇಬಲ್‌ಗಳೆಲ್ಲ ಪೆಟ್ಟಿಗೆಯ ತಳದಿಂದ ಒಳಬರಲಿ, ಒಳಬರುವ ಮೊದಲು ಒಂದು ಬಾಗು ಕೆಳಗಿಳಿದು ಮೇಲೇರಲಿ, ತಳದಲ್ಲಿ ನೀರು ಬಿಡದೆ ಗಾಳಿ ಬಿಡುವ ವೆಂಟ್ ಪ್ಲಗ್ ಒಂದಿರಲಿ. ಕನೆಕ್ಟರ್ ಬದಲಿಸಿದ ದಿನಾಂಕವನ್ನು ಅದರ ಕೇಬಲ್ ಮೇಲೆಯೇ ಮಾರ್ಕರ್‌ನಿಂದ ಬರೆದು ಮುಚ್ಚಳ ಹಾಕಿ.